ಎಬ್ಬಿಸುವವನ ಮಗನ ಜೋಡನಳಿ

ಊರಿನ ಹೆಸರು ಬೇಡ. ಹೆಸರು ಬರೆದರೆ ಯರಗಟ್ಟಿಯಿಂದ ಮನೋಳಿಯವರೆಗಿನ ಉಳಿದ ಊರುಗಳೆಲ್ಲ ‘ಸದ್ಯ, ನಾವಲ್ಲ’ ಎಂದು ಹಾಯಾಗಿ ಮಲಗುತ್ತವೆ. ಮಲಪ್ರಭೆಯ ದಂಡೆಗೆ ಒಂದು ಊರು, ಊರಿಗೆ ಒಂದು ವಾಡೆ, ವಾಡೆಯ ಬೆನ್ನ ಹಿಂದೆ ಒಂದು ಕೇರಿ. ಇಷ್ಟು ಸಾಕು. ಕಳೆದ ವರ್ಷ ಭಾದ್ರಪದದ ಒಂದು ಮುಂಜಾನೆ ಆ ಕೇರಿಯ ಮೂರನೆಯ ಮನೆಯ ಕಟ್ಟೆಯ ಮುಂದೆ ವಾಡೆಯ ಗೌಡ ಮಹಾಂತಪ್ಪ ಬಂದು ನಿಂತ. ಅವನ ಅಪ್ಪ ಬಂದಿರಲಿಲ್ಲ, ಅಜ್ಜ ಬಂದಿರಲಿಲ್ಲ. ಬೇಕಾದವರನ್ನು ಕರೆಸಿಕೊಳ್ಳುವುದು ಅವರ ಮನೆತನದ ರೂಢಿ. ಕರೆಸಿದರೆ ಬರದ ಮನುಷ್ಯ ಒಬ್ಬನಿದ್ದಾನೆಂದು ಗೊತ್ತಿದ್ದರಿಂದ ಮಹಾಂತಪ್ಪ ತಾನೇ ಬಂದಿದ್ದ.

ಬಂದ ಕಾರಣ ಬಂದೂಕು. ಊರಿನಲ್ಲಿ ಲೈಸೆನ್ಸ್ ಇರುವ, ಗುಂಡು ಹಾರುವ ಬಂದೂಕು ಒಂದೇ ಒಂದು ಉಳಿದಿತ್ತು. ಅದು ಮೂರನೆಯ ಮನೆಯ ಶಟ್ಟೆಪ್ಪ ಮೇತ್ರಿಯದು. ವಾಡೆಯ ಎರಡು ಇಂಗ್ಲಿಷ್ ಬಂದೂಕುಗಳು, ಹಿರಿಯ ಗೌಡ ತೀರಿಕೊಂಡ ಮೇಲೆ ಕಾಗದದಲ್ಲಿ ಹೆಸರು ಬದಲಿಸಿಕೊಳ್ಳಲು ಯಾರಿಗೂ ಪುರಸೊತ್ತಾಗದೆ, ಠಾಣೆಯ ಕೋಣೆಯೊಂದರಲ್ಲಿ ತುಕ್ಕು ತಿನ್ನುತ್ತಿದ್ದವು. ಇತ್ತ ಹೊಳೆದಂಡೆಯಲ್ಲಿ ಗೋವಿನಜೋಳ ತೆನೆ ಕಟ್ಟಿತ್ತು. ಜಾಲಿಯ ಮೆಳೆಗಳಲ್ಲಿ ಬೀಡುಬಿಟ್ಟ ಕಾಡುಹಂದಿಗಳು ದಿನಕ್ಕೊಂದು ಹೊಲ ಉರುಳಿಸುತ್ತಿದ್ದವು. ತಿನ್ನುವುದು ಸ್ವಲ್ಪ, ಮುರಿದು ಹಾಕುವುದು ಪೂರ್ತಿ. ಊರಿನವರು ಅರಣ್ಯ ಇಲಾಖೆಗೆ ಅಡ್ಡಾಡಿ ಹಂದಿ ಹೊಡೆಯಲು ಒಪ್ಪಿಗೆಯ ಕಾಗದ ತಂದಿದ್ದರು.

ಮಹಾಂತಪ್ಪನಿಗೆ ನಲವತ್ತೈದು, ಶಟ್ಟೆಪ್ಪನಿಗೆ ಅರವತ್ತನಾಲ್ಕು. ಆದರೆ ಆ ಊರಿನಲ್ಲಿ ಏಕವಚನ ಯಾರ ಬಾಯಿಂದ ಯಾರ ಕಿವಿಗೆ ಬೀಳಬೇಕು ಎಂಬುದನ್ನು ವಯಸ್ಸು ತೀರ್ಮಾನಿಸುವುದಿಲ್ಲ.

“ಶಟ್ಟೆಪ್ಪ, ನಾಡದ ಹಂದಿ ಬೇಟಿ ಇಟಗೊಂಡೇವಿ,” ಎಂದ ಮಹಾಂತಪ್ಪ. “ಬಂದೂಕ ವಾಡೇಕ ಕಳಸು. ಹೊಡ್ಯಾಂವ ನಾ ಅದೀನಿ. ನೀ ನಿಮ್ಮ ಕೇರ್ಯಾಗಿಂದ ಒಂದ ಇಪ್ಪತ್ತ ಮಂದಿ ಕರಕೊಂಡ ಎಬ್ಬಸಾಕ ಬಾ.”

ಈ ಎಬ್ಬಿಸುವುದೆಂದರೇನು ಎಂಬುದನ್ನು ಬಿಡಿಸಿ ಹೇಳಲೇಬೇಕು, ಶಟ್ಟೆಪ್ಪನ ಇಡೀ ಬದುಕು ಅದರೊಳಗಿದೆ. ಆ ಸೀಮೆಯ ಬೇಟೆಯಲ್ಲಿ ಬಂದೂಕಿನವರು ಒಂದು ಕಡೆ ಮರೆಯಲ್ಲಿ ಕೂರುತ್ತಾರೆ. ಎದುರಿನಿಂದ ಜನ ಸಾಲುಗಟ್ಟಿ ಡಬ್ಬಿ ಬಡಿಯುತ್ತ, ಕೂಗುತ್ತ, ಮೆಳೆಗಳಿಗೆ ಬಡಿಗೆಯಿಂದ ಬಾರಿಸುತ್ತ ಬರುತ್ತಾರೆ. ಮಲಗಿದ ಪ್ರಾಣಿ ಎದ್ದು ಬಂದೂಕಿನ ಕಡೆ ಓಡುತ್ತದೆ. ಕೂರುವವರು ವಾಡೆಯವರು, ಎಬ್ಬಿಸುವವರು ಕೇರಿಯವರು. ಬರಿಗಾಲು, ಜಾಲಿಮುಳ್ಳು, ಎದುರಿಗೆ ಬಂದೂಕಿನ ಬಾಯಿ. ಇದಕ್ಕೆ ಕೂಲಿ ಇರಲಿಲ್ಲ, ಪದ್ಧತಿ ಇತ್ತು. ಕೂಲಿಗೆ ಒಲ್ಲೆ ಎನ್ನಬಹುದು. ಪದ್ಧತಿಗೆ ಒಲ್ಲೆ ಎನ್ನುವ ಗಂಟಲು ಮಾತ್ರ ಮೂರು ತಲೆಮಾರಿಗೊಮ್ಮೆ ಹುಟ್ಟುತ್ತದೆ.

ಶಟ್ಟೆಪ್ಪ ಎಂಟು ವರ್ಷದವನಿದ್ದಾಗ ಅವನ ಅಪ್ಪ ಸತ್ಯೆಪ್ಪ ಹೀಗೇ ಮೊಲ ಎಬ್ಬಿಸಲು ಹೋಗಿದ್ದ. ಮಹಾಂತಪ್ಪನ ಅಜ್ಜ ಮೆಳೆ ಅಲುಗಾಡಿದ್ದನ್ನು ನೋಡಿದ, ಯಾರು ಅಲುಗಾಡಿಸಿದರೆಂದು ನೋಡಲಿಲ್ಲ, ಹೊಡೆದ. ಸತ್ಯೆಪ್ಪನ ಬೆನ್ನಿಗೆ ಹನ್ನೊಂದು ಛರ್ರೆ ಹೊಕ್ಕವು. ಗೋಲಿಗಿಂತ ಸಣ್ಣ, ಜೋಳದ ಕಾಳಿಗಿಂತ ತುಸು ದಪ್ಪ ಸೀಸದ ಗುಂಡುಗಳು. ಊರಿನ ಕ್ಷೌರಿಕ ಸೂಜಿಯಿಂದ ಏಳನ್ನು ತೆಗೆದ. ನಾಲ್ಕು ಒಳಗೇ ಉಳಿದವು. ಸಂಜೆ ವಾಡೆಯಿಂದ ಒಂದು ಮೊಲ ಬಂತು, ಇಡೀ ಮೊಲ, ಸುಲಿಯದ್ದು. ಗೌಡರು ಎಷ್ಟು ದೊಡ್ಡ ಮನಸ್ಸಿನವರೆಂದು ಊರು ಒಂದು ವಾರ ಮಾತಾಡಿತು. ಸತ್ಯೆಪ್ಪ ಮಾತಾಡಲಿಲ್ಲ. ಚಳಿ ಬಿದ್ದಾಗ ಮಾತ್ರ ಮಗನನ್ನು ಕರೆದು ಅಂಗಿ ಎತ್ತಿ ‘ಮುಟ್ಟಿ ನೋಡು’ ಎನ್ನುತ್ತಿದ್ದ. ಚರ್ಮದ ಕೆಳಗೆ ಛರ್ರೆ ಬೆರಳಿನ ಜೊತೆ ಸರಿದಾಡುತ್ತಿತ್ತು. ಸಾಲಿಯಲ್ಲಿ ಮಗ್ಗಿ ಕಲಿಯುವ ಮೊದಲೇ ಶಟ್ಟೆಪ್ಪ ಆ ನಾಲ್ಕನ್ನು ಎಣಿಸಲು ಕಲಿತಿದ್ದ. ಸತ್ಯೆಪ್ಪ ಅವುಗಳ ಸಮೇತ ಮಣ್ಣಿಗೆ ಹೋದ.

ಮಗ ಸೈನ್ಯಕ್ಕೆ ಹೋದ. ಹದಿನೇಳು ವರ್ಷ ದುಡಿದು ಹವಾಲ್ದಾರನಾಗಿ ತಿರುಗಿ ಬಂದವನಿಗೆ ಜನ ಏನೇನೋ ಸಲಹೆ ಕೊಟ್ಟರು. ಟ್ರ್ಯಾಕ್ಟರ್ ತಗೋ, ಹಿಟ್ಟಿನ ಗಿರಣಿ ಹಾಕು, ಸವದತ್ತಿಯಲ್ಲಿ ಜಾಗ ಹಿಡಿ. ಅವನು ಬಂದೂಕಿನ ಲೈಸೆನ್ಸಿಗೆ ಅರ್ಜಿ ಹಾಕಿದ. ಲೈಸೆನ್ಸ್ ಕೈಗೆ ಬರಲು ಹದಿನೈದು ತಿಂಗಳು ಹಿಡಿಯಿತು. ಬಂದೂಕು ಸಿಕ್ಕಿದ್ದು ಲೋಂಡಾದಲ್ಲಿ, ರೈಲ್ವೆಯಿಂದ ನಿವೃತ್ತನಾಗಿದ್ದ ಗೋವೆಯ ಮುದುಕನೊಬ್ಬನ ಬಳಿ. ಹಳೆಯ ಲೂನಾ ಗಾಡಿಗಿಂತ ಸೋವಿಯಾಗಿ ಕೊಟ್ಟ. ಮುದುಕನ ಕಣ್ಣು ಮಂಜಾಗಿತ್ತು, ಮಕ್ಕಳಿಗೆ ಬಂದೂಕು ಬೇಡವಾಗಿತ್ತು. ಅದು ಸಾವಿರದ ಒಂಬೈನೂರ ತೊಂಬತ್ತಾರು.

ಸ್ಪೇನ್ ದೇಶದ ಜೋಡನಳಿ ಬಂದೂಕು. ವಾಡೆಯ ಇಂಗ್ಲಿಷ್ ಬಂದೂಕುಗಳ ಮೇಲೆ ಹಾರುವ ಹಕ್ಕಿ, ಓಡುವ ನಾಯಿ, ಬಳ್ಳಿ, ಹೂವು ಎಲ್ಲ ಕೆತ್ತಿದ್ದರು. ಇದರ ಮೇಲೆ ಕೆತ್ತನೆಯೆಂದರೆ ನಳಿಗೆಯ ಕೆಳಗೆ ಒಂದು ಊರಿನ ಹೆಸರು, ಐಬಾರ್. ಹೆಗಲಿಗೆ ಒತ್ತಿ ಹಿಡಿಯುವ ದಸ್ತಾದ ಕಟ್ಟಿಗೆ ಎತ್ತಿನ ಗಾಡಿಯ ನೊಗದ ಹಾಗೆ ಸಾದಾ. ಅದರಲ್ಲಿ ಒಂದು ಬಿರುಕು, ಬಿರುಕಿಗೆ ಯಾರೋ ಬಿಗಿದ ಹಿತ್ತಾಳೆಯ ತಂತಿ. ಒಂದರ ಹಿಂದೆ ಒಂದು ಎರಡು ಘೋಡಾ. ಮುಂದಿನದನ್ನು ಎಳೆದರೆ ಬಲ ನಳಿಗೆ, ಹಿಂದಿನದನ್ನು ಎಳೆದರೆ ಎಡ ನಳಿಗೆ. ಬಲ ಘೋಡಾ ಬಿಗಿ, ಎಡ ಘೋಡಾ ಸಲೀಸು. ಖಾಲಿ ಕಾಡತೂಸನ್ನು ಉಗುರಿನಿಂದಲೇ ಎಳೆದು ತೆಗೆಯಬೇಕು. ಬೆಳಗಾವಿಯಲ್ಲಿ ಬಂದೂಕು ರಿಪೇರಿ ಮಾಡುವವನು ಅದನ್ನು ನೋಡಿ, ಇದು ಬಡವರು ಮಾಡಿದ ಬಂದೂಕು, ಬಡವರಿಗಾಗಿಯೇ ಮಾಡಿದ್ದು, ಆದರೆ ಮೋಸ ಮಾಡಿಲ್ಲ ಎಂದಿದ್ದ. ಆ ಮಾತು ಶಟ್ಟೆಪ್ಪನಿಗೆ ಎಷ್ಟು ಹಿಡಿಸಿತೆಂದರೆ ಮನೆಗೆ ಬಂದವರಿಗೆಲ್ಲ ತಾನೇ ಹೇಳಿದಂತೆ ಹೇಳುತ್ತಿದ್ದ. ಬೈಲಹೊಂಗಲದಲ್ಲಿ ವಕೀಲರೊಬ್ಬರ ಆಫೀಸಿನಲ್ಲಿ ಕೆಲಸ ಮಾಡುವ ಮಗಳು ಪೂನಮ್ ಒಮ್ಮೆ ಫೋನಿನಲ್ಲಿ ಹುಡುಕಿ, ಐಬಾರ್ ಎಂಬುದು ಬಂದೂಕು ಮಾಡುವ ಕಮ್ಮಾರರ ಪಟ್ಟಣವೆಂದು ತೋರಿಸಿದಳು. ಚಿತ್ರದಲ್ಲಿ ಗುಡ್ಡದ ಸಂದಿಯಲ್ಲಿ ಒತ್ತೊತ್ತಾದ ಮನೆಗಳಿದ್ದವು. ಶಟ್ಟೆಪ್ಪ ಬಹಳ ಹೊತ್ತು ನೋಡಿ, ಅಲ್ಲಿಯೂ ಕೇರಿಯಿದೆ ಎಂದ.

ಆ ಬಂದೂಕನ್ನು ಅವನು ತಂದದ್ದು ಬೇಟೆಗೆ. ಅದು ಅವನ ಮನಸ್ಸಿನ ಮಾತು. ಲೈಸೆನ್ಸಿನ ಪುಸ್ತಕದಲ್ಲಿ ಇದ್ದದ್ದು ಬೆಳೆ ಕಾಯಲು, ಜೀವ ಕಾಯಲು. ಬೇಟೆ ಅಪರಾಧವಾಗಿ ಎಷ್ಟೋ ಕಾಲವಾಗಿತ್ತು. ವಾಡೆಯವರು ಆಮೇಲೂ ಕದ್ದುಮುಚ್ಚಿ ಮಾಡುತ್ತಿದ್ದರೆಂಬುದು ಬೇರೆ ಮಾತು. ಶಟ್ಟೆಪ್ಪ ಮಾಡಲಿಲ್ಲ. ಒಂದು ತಪ್ಪು ಹೆಜ್ಜೆ ಇಟ್ಟರೆ ಪೊಲೀಸರು ವಾಡೆಯವರಿಗೆ ಎಚ್ಚರಿಕೆ ಕೊಟ್ಟು ಬಿಡುತ್ತಾರೆ, ತನ್ನ ಕೈಯಿಂದ ಬಂದೂಕನ್ನೇ ಕಸಿಯುತ್ತಾರೆ ಎಂಬುದು ಅವನಿಗೆ ಗೊತ್ತಿತ್ತು. ಬೇಟೆಯ ಬಂದೂಕು ಹೆಗಲಿಗೇರಿಸಿ ಯರಗಟ್ಟಿಯ ಬ್ಯಾಂಕಿನ ಬಾಗಿಲಲ್ಲಿ ಇಪ್ಪತ್ತು ವರ್ಷ ಕಾವಲು ನಿಂತ. ಪ್ರತಿ ಚುನಾವಣೆಗೆ ಠಾಣೆಗೆ ಒಯ್ದು ಒಪ್ಪಿಸಿದ, ರಸೀದಿ ತಗೊಂಡ, ಎಣಿಕೆ ಮುಗಿದ ಮರುದಿನ ಬಾಗಿಲು ತೆರೆಯುವ ಮೊದಲೇ ಹೋಗಿ ನಿಂತು ಬಿಡಿಸಿಕೊಂಡ. ಒಪ್ಪಿಸುವ ಮೊದಲು ದಸ್ತಾದ ಬಿರುಕನ್ನು ಬರೆಸುತ್ತಿದ್ದ, ಹಿತ್ತಾಳೆಯ ತಂತಿಯ ಸುತ್ತುಗಳನ್ನೂ ಬರೆಸುತ್ತಿದ್ದ. ಠಾಣೆಯವರು ನಗುತ್ತಿದ್ದರು. ನಗಲಿ.

ಹೆಂಡತಿ ರಾಯವ್ವ ಅದನ್ನು ‘ನನ್ನ ಸವತಿ’ ಎನ್ನುತ್ತಿದ್ದಳು. ಅಮಾವಾಸ್ಯೆಗೊಮ್ಮೆ ಅದಕ್ಕೆ ಎಣ್ಣೆ ಹಚ್ಚುವ ಮನುಷ್ಯ ತನ್ನ ಮೊಣಕಾಲಿಗೆ ಎಂದೂ ಹಚ್ಚಿಲ್ಲ ಎಂಬುದು ಅವಳ ತಕರಾರು. “ಇಪ್ಪತ್ತೆಂಟ ವರ್ಷ ಸಾಕೀದಿ ಅದನ್ನ. ಒಂದ ಇಲಿ ಹೊಡದಿಲ್ಲ,” ಎಂದು ಬಂದವರ ಮುಂದೆಯೂ ಅನ್ನುತ್ತಿದ್ದಳು. ಗೋಡೆಯ ಮೇಲೆ ಬುದ್ಧ, ಬಾಬಾಸಾಹೇಬರು. ಪಕ್ಕದ ಮೊಳೆಗೆ ಬಂದೂಕು. ಪಂಚಶೀಲದ ಮೊದಲ ಮಾತೇ ಜೀವ ತೆಗೆಯಬಾರದು ಎಂದಲ್ಲವೇ ಎಂದು ರಾಯವ್ವ ಕೇಳಿದಾಗಲೆಲ್ಲ ಶಟ್ಟೆಪ್ಪ ಎಣ್ಣೆಯ ಅರಿವೆ ಎಲ್ಲಿಟ್ಟೆ ಎಂದು ಹುಡುಕಲು ಎದ್ದುಬಿಡುತ್ತಿದ್ದ.

ಇಂಥವನ ಕಟ್ಟೆಯ ಮುಂದೆ ನಿಂತು, ಸತ್ಯೆಪ್ಪನಿಗೆ ಹೊಡೆದವನ ಮೊಮ್ಮಗ ‘ಎಬ್ಬಿಸಲು ಬಾ’ ಎಂದಿದ್ದ.

ಶಟ್ಟೆಪ್ಪ ಮೊದಲು ಒಳಗಿನಿಂದ ಕುರ್ಚಿ ತರಿಸಿದ. ಮಹಾಂತಪ್ಪ ಕೂರಲಿಲ್ಲ. ಆಮೇಲೆ ಲೈಸೆನ್ಸಿನ ಪುಸ್ತಕ ತಂದು ತನ್ನ ಫೋಟೋ ಇದ್ದ ಪುಟ ತೆರೆದು ತೋರಿಸಿದ.

“ಬಂದೂಕ ನಂದ್ರಿ, ಪುಸ್ತಕ ನಂದು. ಹೊಡ್ಯಾಂವನೂ ನಾನಽ. ಎಬ್ಬಸಾಕ ಹೊಲದ ಮಾಲಕ್ರು ಬರ್ರಿ. ನಮ್ಮ ಕೇರ್ಯಾಗಿಂದ ಒಬ್ಬನೂ ಬರೂದಿಲ್ಲ.”

“ಅಂದ್ರ? ನಾವು ಡಬ್ಬಿ ಬಡಕೋಂತ ಬರೂದು, ನೀ ಕುಂತ ಹೊಡ್ಯೂದು?”

“ಹೌದ್ರಿ ಗೌಡ್ರ. ಹೊಲ ನಿಮ್ದು, ಗೋವಿನಜ್ವಾಳ ನಿಮ್ದು. ನಮ್ಮ ಕೇರ್ಯಾಗ ಯಾರಿಗೂ ಹೊಳಿದಂಡಿಗೆ ಗೇಣ ಜಾಗ ಇಲ್ಲ. ನಮ್ಮ ಮಂದಿ ಯಾರ ಜ್ವಾಳಕ್ಕ ಬೆನ್ನ ಕೊಡಬೇಕ್ರಿ?”

ಮಹಾಂತಪ್ಪ ಕೂಗಾಡಲಿಲ್ಲ. ಕೂಗಾಡುವುದು ಅವನ ಅಜ್ಜನ ಕಾಲದ ರೀತಿ. ಈಗಿನ ರೀತಿ ಬೇರೆ. ಶಟ್ಟೆಪ್ಪನ ಲೈಸೆನ್ಸ್ ಆ ವರ್ಷ ಹೊಸದು ಮಾಡಿಸಬೇಕಿತ್ತೆಂಬುದು, ಅರ್ಜಿ ಬೆಳಗಾವಿಯಿಂದ ಠಾಣೆಗೆ ಬಂದು ಕೂತಿದೆಯೆಂಬುದು, ಅರ್ಜಿದಾರ ಎಂಥವನೆಂದು ಊರಿನವರನ್ನು ವಿಚಾರಿಸಿ ಠಾಣೆಯವರು ವರದಿ ಕೊಡಬೇಕೆಂಬುದು ಅವನಿಗೆ ತಿಳಿದಿತ್ತು. “ವಿಚಾರಣೆಗೆ ಬಂದ ಪೊಲೀಸ್ರು ಮೊದಲ ಯಾರ ಮನ್ಯಾಗ ಚಾ ಕುಡೀತಾರಂತ ಗೊತ್ತೈತಲ್ಲ?” ಎಂದಷ್ಟೇ ಹೇಳಿ ಗಾಡಿ ಹತ್ತಿದ. ವರದಿ ಕೆಟ್ಟರೆ ಲೈಸೆನ್ಸ್ ಹೋಗುತ್ತದೆ, ಲೈಸೆನ್ಸ್ ಹೋದರೆ ಬಂದೂಕು ಠಾಣೆಯ ಕೋಣೆ ಸೇರಿ ವಾಡೆಯ ಬಂದೂಕುಗಳ ಪಕ್ಕದಲ್ಲಿ ತುಕ್ಕು ತಿನ್ನುತ್ತದೆ.

ಸುದ್ದಿ ಸಂಜೆಯೊಳಗೆ ಊರು ತುಂಬಿತು. ಮೇಲಿನ ಓಣಿಯವರಿಗೆ ಸಿಟ್ಟು ಬಂತೆಂದರೆ ಅರ್ಥವಾಗುತ್ತದೆ. ಕೇರಿಯವರಿಗೇ ಸಿಟ್ಟು ಬಂತು. ಒಂದು ಮುಂಜಾನೆ ಡಬ್ಬಿ ಬಡಿದರೆ ಏನು ಸವೆಯುತ್ತದೆ, ನಾಳೆ ಅವರ ಹೊಲಕ್ಕೇ ಕೂಲಿಗೆ ಹೋಗಬೇಕಲ್ಲ ಎಂದರು. ರಾಯವ್ವ ಮಾತೇ ಬಿಟ್ಟಳು. ಪೂನಮ್ ಮಾತ್ರ ಬೈಲಹೊಂಗಲದಿಂದ ಫೋನು ಮಾಡಿ, ಬಂದೂಕನ್ನು ಇನ್ನೊಬ್ಬರ ಕೈಗೆ ಕೊಟ್ಟರೆ ಅದೇ ನೆಪವಾಗಿ ಲೈಸೆನ್ಸ್ ಹೋಗುತ್ತದೆ, ಕೊಡದಿದ್ದರೆ ವರದಿಯಿಂದ ಹೋಗುತ್ತದೆ ಎಂದಳು. ಹೋಗುವುದೇ ಆದರೆ ನನ್ನ ಕೈಯಲ್ಲಿದ್ದೇ ಹೋಗಲಿ ಎಂದ ಶಟ್ಟೆಪ್ಪ.

ನಾಲ್ಕನೆಯ ದಿನ ಗುರುಬಸವ್ವ ಬಂದಳು. ಮೇಲಿನ ಓಣಿಯ ವಿಧವೆ, ಹೊಳೆದಂಡೆಗೆ ನಾಲ್ಕು ಎಕರೆ, ಹಿಂದಿನ ದಿನ ಅದರಲ್ಲಿ ಒಂದು ಎಕರೆ ಹಂದಿಗಳ ಪಾಲಾಗಿತ್ತು. ಮಹಾಂತಪ್ಪ ಹತ್ತದ ಕಟ್ಟೆಯ ಮೇಲೆ ಸೀದಾ ಕೂತು ನೀರು ಕೇಳಿ ಕುಡಿದಳು.

“ಶಟ್ಟೆಪ್ಪಣ್ಣ, ನಾ ಬರತೇನಿ ಎಬ್ಬಸಾಕ. ಹೆಣಮಕ್ಕಳು ನಡೀತೈತೇನು?”

“ಡಬ್ಬಿ ಬಡ್ಯಾಕ ಬರ್ತೈತಿಲ್ಲೋ ನಿಮಗ?”

“ಮೂವತ್ತ ವರ್ಷ ಸಂಸಾರ ಮಾಡೇನಿ. ಬಡ್ಯಾಕ ಬರೂದಿಲ್ಲಂದ್ರ ಹ್ಯಾಂಗ?”

ಒಳಗಿನಿಂದ ರಾಯವ್ವ ನಕ್ಕಳು. ಮಾತು ಬಿಟ್ಟಿದ್ದು ಅಲ್ಲಿಗೆ ಮುಗಿಯಿತು.

ಒಬ್ಬ ಹೆಂಗಸು ಬರುತ್ತಾಳೆಂದ ಮೇಲೆ ಗಂಡಸರಿಗೆ ಮನೆಯಲ್ಲಿ ಕೂರುವುದು ಕಷ್ಟವಾಯಿತು. ಆರನೆಯ ದಿನ ಸೂರ್ಯ ಮೇಲೇರುವ ಹೊತ್ತಿಗೆ ಹೊಲದ ಮಾಲಕರು ಹದಿನೆಂಟು ಜನ ಹೊಳೆದಂಡೆಯಲ್ಲಿ ಸೇರಿದರು. ಎಣ್ಣೆಡಬ್ಬಿ, ತಗಡು, ತಾಟು, ಒಬ್ಬನ ಕೈಯಲ್ಲಿ ಮಗನ ಮದುವೆಯ ಹಿತ್ತಾಳೆ ಹಂಡೆ. ಹತ್ತೊಂಬತ್ತನೆಯವನಾಗಿ ಮಹಾಂತಪ್ಪ ಬಂದ. ಅವನ ಎಂಟು ಎಕರೆಯೂ ಅದೇ ದಂಡೆಯಲ್ಲಿತ್ತು.

ಶಟ್ಟೆಪ್ಪ ಸೈನ್ಯದ ರೀತಿಯಲ್ಲಿ ಎಲ್ಲರನ್ನೂ ನಿಲ್ಲಿಸಿ ಹೇಳಿದ. ಹಳೆಯ ಕೆಂಪು ಸೀರೆಯೊಂದನ್ನು ರಾಯವ್ವ ಹರಿದು ಹತ್ತೊಂಬತ್ತು ಅರಿವೆ ಮಾಡಿಕೊಟ್ಟಿದ್ದಳು. ಪ್ರತಿಯೊಬ್ಬರೂ ತಲೆಗೆ ಅದನ್ನು ಕಟ್ಟಬೇಕು. ಯಾರೂ ಸಾಲು ಬಿಟ್ಟು ಮುಂದೆ ಬರಬಾರದು. ಯಾರೂ ಸುಮ್ಮನೆ ನಡೆಯಬಾರದು. ಸದ್ದು ಮಾಡುತ್ತಲೇ ಇರಬೇಕು, ಯಾಕೆಂದರೆ ಸದ್ದು ಹಂದಿಯನ್ನು ಎಬ್ಬಿಸುತ್ತದೆ, ಹಂದಿಗಿಂತ ಹೆಚ್ಚಾಗಿ ಬಂದೂಕಿನವನನ್ನು ಎಚ್ಚರವಾಗಿಡುತ್ತದೆ. ನಡುವಿನ ಬದುವಿಗೆ ಬಂದ ಕೂಡಲೇ ಎಲ್ಲರೂ ಅಲ್ಲಿಯೇ ನಿಲ್ಲಬೇಕು. ಅದರಿಂದಾಚೆ ತಾನು, ಹಂದಿ, ಇಬ್ಬರೇ. ಹಂದಿಯ ನಾಲ್ಕೂ ಕಾಲು ಕಣ್ಣಿಗೆ ಬೀಳುವ ತನಕ ಘೋಡಾಕ್ಕೆ ಬೆರಳು ಹಾಕುವುದಿಲ್ಲ ಎಂದ. ಕಾಗದದಲ್ಲಿ ಬರೆದಂತೆ ಸತ್ತ ಹಂದಿಯನ್ನು ಹೂಳಬೇಕು, ತಿನ್ನುವಂತಿಲ್ಲ ಎಂದೂ ಹೇಳಿದ. ಅರ್ಧ ಜನರ ಮುಖ ಅಲ್ಲಿಯೇ ಇಳಿಯಿತು.

ಹದಿನೆಂಟು ಜನ ಕೆಂಪು ಅರಿವೆ ಕಟ್ಟಿಕೊಂಡರು. ಮಹಾಂತಪ್ಪ ಕೈಯಲ್ಲಿ ಹಿಡಿದು, ಎರಡು ಮಡಿಕೆ ಮಾಡಿ, ಅಲ್ಲಿಯೇ ಒಂದು ಕಲ್ಲಿನ ಮೇಲಿಟ್ಟ. ಡಬ್ಬಿಯನ್ನೂ ಮುಟ್ಟಲಿಲ್ಲ. ಅವನು ಹೊಲದ ಮಾಲಕನಾಗಿ ಬಂದಿದ್ದ, ಎಬ್ಬಿಸುವವನಾಗಿ ಅಲ್ಲ. ಕೆಂಪು ಅರಿವೆ ಕಟ್ಟಿ ತಗಡು ಬಡಿದರೆ ನೂರು ವರ್ಷದಿಂದ ಕೇರಿಯವರು ಮಾಡಿದ್ದನ್ನೇ ತಾನು ಮಾಡಿದಂತಾಗುತ್ತಿತ್ತಲ್ಲ. ಆದ್ದರಿಂದ ಬರೀ ಬಡಿಗೆ ಹಿಡಿದು, ಸಾಲಿನವರ ಜೊತೆ ತಾನಿಲ್ಲವೆಂದು ನೋಡುವವರಿಗೆ ತೋರಲೆಂದು, ಹತ್ತಾರು ಮಾರು ಮುಂದೆ ನಡೆಯತೊಡಗಿದ. ಮೈಮೇಲೆ ಮಣ್ಣಿನ ಬಣ್ಣದ ಅಂಗಿ. ಬಾಯಲ್ಲಿ ಮಾತಿಲ್ಲ.

ಶಟ್ಟೆಪ್ಪ ಅಷ್ಟರಲ್ಲಿ ಹೊಲದ ಇನ್ನೊಂದು ತುದಿಗೆ ಹೋಗಿ ಬೇವಿನ ಗಿಡದ ಬುಡದಲ್ಲಿ ಒಂಟಿ ಮೊಣಕಾಲೂರಿ ಕೂತಿದ್ದ. ಇದೊಂದೂ ಅವನಿಗೆ ಕಾಣಲಿಲ್ಲ. ಎರಡೂ ನಳಿಗೆಯಲ್ಲಿ ಹಂದಿಯ ಕಾಡತೂಸು. ಮೊಲಕ್ಕೆ ಹೊಡೆಯುವ ಛರ್ರೆಯಲ್ಲ, ಒಂದೊಂದೂ ಬಟಾಣಿಯಷ್ಟಿರುವ ದಪ್ಪ ಗುಂಡುಗಳು. ಅರವತ್ತನಾಲ್ಕು ವರ್ಷದಲ್ಲಿ ಮೊದಲ ಸಲ ಅವನು ಕೂರುವವರ ಜಾಗದಲ್ಲಿ ಕೂತಿದ್ದ. ಅಲ್ಲಿಂದ ಹೊಲ ಹೇಗೆ ಕಾಣುತ್ತದೆ ಎಂಬುದೂ ಮೊದಲ ಸಲ ತಿಳಿಯಿತು. ಎದುರಿಗೆ ಬರೀ ಹಸಿರು. ಅದರಾಚೆಯಿಂದ ಸದ್ದು. ಸದ್ದಿಗೆ ಮುಖವಿರಲಿಲ್ಲ. ಇಲ್ಲಿ ಕೂತವನಿಗೆ ಆಚೆಯವರು ಮನುಷ್ಯರೆಂಬುದನ್ನು ಮರೆಯುವುದು ಎಷ್ಟು ಸುಲಭ ಎಂದು ಅವನಿಗೆ ಹೊಳೆಯಿತು.

ಸದ್ದು ಬದುವಿಗೆ ಬಂದು ನಿಂತಿತು. ಆಮೇಲೆ ದಂಟುಗಳು ಒಡೆದುಕೊಂಡವು. ಹಂದಿ ಹೊರಬಂತು, ಒಂಟಿಗ, ಎಮ್ಮೆಕರುವಿನಷ್ಟು, ಕೋರೆಯ ಮೇಲೆ ಹಸಿ ಮಣ್ಣು. ನಾಲ್ಕೂ ಕಾಲು ಕಂಡವು. ಬಂದೂಕು ಹೆಗಲಿಗೆ ಏರಿತು. ಇಪ್ಪತ್ತೆಂಟು ವರ್ಷ ಕಾದ ಬೆರಳು ಎಡ ಘೋಡಾದ ಮೇಲೆ ಕೂತಿತು. ಇಪ್ಪತ್ತು ಹೆಜ್ಜೆ, ಹದಿನೈದು ಹೆಜ್ಜೆ. ತಪ್ಪುವ ಮಾತೇ ಇರಲಿಲ್ಲ.

ಹಂದಿಯ ಹಿಂದೆ ಗೋವಿನಜೋಳ ಇನ್ನೊಮ್ಮೆ ಅಲುಗಿತು.

ಎರಡನೆಯ ಹಂದಿ ಇರಬಹುದು. ಗಾಳಿ ಇರಬಹುದು. ಬದುವಿನಿಂದ ಈಚೆ ಯಾರೂ ಇರಕೂಡದೆಂದು ಅವನೇ ಹೇಳಿದ್ದ, ಕೆಂಪು ಎಲ್ಲಿಯೂ ಕಾಣುತ್ತಿರಲಿಲ್ಲ, ಸದ್ದೂ ಇರಲಿಲ್ಲ. ಹೊಡೆದಿದ್ದರೆ ಯಾವ ಕೋರ್ಟೂ ಅವನನ್ನು ತಪ್ಪಿತಸ್ಥನೆನ್ನುತ್ತಿರಲಿಲ್ಲವೇನೋ. ಶಟ್ಟೆಪ್ಪನ ಬೆರಳಿನ ತುದಿಗೆ ಮಾತ್ರ ಚರ್ಮದ ಕೆಳಗೆ ಸರಿದಾಡುವ ಸೀಸ ತಗುಲಿತು. ಬೆರಳನ್ನು ತೆಗೆದ. ನಳಿಗೆಯನ್ನು ಆಕಾಶಕ್ಕೆ ಎತ್ತಿದ. ಹಂದಿ ಮೂರು ಮಾರು ದೂರದಲ್ಲಿ ಗುರುಗುಟ್ಟುತ್ತ ಹಾದು ಹೊಳೆಗೆ ಇಳಿಯಿತು. ಅವನು ಬಂದೂಕನ್ನು ನಡುವೆ ಬಗ್ಗಿಸಿ ತೆರೆದು, ಎರಡೂ ಕಾಡತೂಸು ತೆಗೆದು ಕಿಸೆಗೆ ಹಾಕಿಕೊಂಡ.

ದಂಟು ಸರಿಸಿಕೊಂಡು ಮಹಾಂತಪ್ಪ ಹೊರಬಂದ. ಅವನ ಹಿಂದೆಯೇ, ಅವನನ್ನು ತಡೆಯಲು ಓಡಿ ಬಂದ ಗುರುಬಸವ್ವ. ಓಡುವಾಗ ಅವಳ ತಲೆಯ ಅರಿವೆ ದಂಟಿಗೆ ಸಿಕ್ಕು ಉಳಿದಿತ್ತು, ಡಬ್ಬಿ ಎಲ್ಲೋ ಬಿದ್ದಿತ್ತು.

“ಕೈಯಾಗ ಬಂದದ್ದ ಬಿಟ್ಟಿ. ಯಾಕ ಹೊಡೀಲಿಲ್ಲ?” ಎಂದ ಮಹಾಂತಪ್ಪ. ಏನು ತಪ್ಪಿತೆಂಬುದು ಅವನಿಗೆ ಆಗಲೂ ಹೊಳೆದಿರಲಿಲ್ಲ.

ಶಟ್ಟೆಪ್ಪ ತೆರೆದ ಬಂದೂಕನ್ನು ಮೊಣಕೈಗೆ ಹಾಕಿಕೊಂಡು ಎದ್ದ. ಬಹಳ ವರ್ಷಗಳಿಂದ ನಾಲಗೆಗೆ ಅಂಟಿಕೊಂಡಿದ್ದ ಬಹುವಚನ ತಾನಾಗಿಯೇ ಬಿದ್ದುಹೋಗಿತ್ತು.

“ನಮ್ಮಪ್ಪನ ಬೆನ್ನಾಗ ನಾಕ ಛರ್ರೆ ಇದ್ದೂವು, ಸಾಯೂ ತನಕ. ನಿಮ್ಮಜ್ಜ ಕೊಟ್ಟೂವು. ನಿನ್ನ ಬೆನ್ನ ಖಾಲಿ ಐತಿ. ಮನೀಗೆ ಹೋಗು, ಮಹಾಂತಪ್ಪ.”

ಗುರುಬಸವ್ವ ಬೇವಿನ ಬುಡಕ್ಕೆ ಕುಸಿದು ಕೂತಳು. ಅವಳಿಗೆ ಹೊಳೆದಿತ್ತು.

ಇಂಥದ್ದು ನಡೆದ ಮೇಲೆ ಮನುಷ್ಯರು ಬದಲಾಗುತ್ತಾರೆಂದು ನಂಬುವವರಿಗೆ ಮುಂದಿನದು ಹಿಡಿಸುವುದಿಲ್ಲ. ಎರಡು ವಾರಕ್ಕೆ ಠಾಣೆಗೆ ಒಂದು ದೂರು ಹೋಯಿತು. ಸದರಿ ಶಟ್ಟೆಪ್ಪನು ಗ್ರಾಮಸ್ಥರಿಗೆ ಬಂದೂಕು ತೋರಿಸಿ ಹೆದರಿಸಿ ಬೇಟೆ ಎಬ್ಬಿಸುವ ಕೆಲಸಕ್ಕೆ ಹಚ್ಚಿರುತ್ತಾನೆ, ಸದರಿಯವನ ಕೈಯಲ್ಲಿ ಬಂದೂಕು ಇರುವುದು ಊರಿನ ಶಾಂತಿಗೆ ಭಂಗ. ನೂರು ವರ್ಷ ಕೇರಿಯವರನ್ನು ಎಬ್ಬಿಸಲು ಅಟ್ಟಿದಾಗ ಆ ಊರಿನ ಶಾಂತಿಗೆ ಒಂದು ಗೆರೆಯೂ ಬಿದ್ದಿರಲಿಲ್ಲ. ಒಂದೇ ಒಂದು ಮುಂಜಾನೆ ಮೇಲಿನ ಓಣಿ ತನ್ನ ಹೊಲಕ್ಕೆ ತಾನೇ ಡಬ್ಬಿ ಬಡಿದರೆ ಶಾಂತಿ ಭಂಗವಾಯಿತು. ಎಂಥ ನಾಜೂಕಿನ ಶಾಂತಿ ನೋಡಿ.

ವಿಚಾರಣೆಗೆ ಬಂದವನು ಕಾಂತೇಶನೆಂಬ ಪೊಲೀಸು. ವಾಡೆಯಲ್ಲಿ ಚಹಾ ಕುಡಿದ. ಆಮೇಲೆ ಮೇಲಿನ ಓಣಿಯಲ್ಲಿ ಮನೆಮನೆಗೆ ಹೋಗಿ ಕೇಳಿದ. ಬಂದೂಕು ತೋರಿಸಿದನೆಂದು ಯಾರೂ ಹೇಳಲಿಲ್ಲ, ತೋರಿಸಲಿಲ್ಲ ಎಂದೂ ಹೇಳಲಿಲ್ಲ. ತಮಗೆ ಸರಿಯಾಗಿ ಕಾಣಲಿಲ್ಲ ಎಂದರು. ಹದಿನೇಳು ಜೊತೆ ಕಣ್ಣು.

ಗುರುಬಸವ್ವ ಅವನು ಬರುವ ದಾರಿ ಕಾಯಲಿಲ್ಲ. ತಾನೇ ನಡೆದುಹೋಗಿ ಪಂಚಾಯತಿ ಕಟ್ಟೆಯ ಮೇಲೆ ಬರೆಯುತ್ತ ಕೂತಿದ್ದ ಕಾಂತೇಶನ ಎದುರು ನಿಂತಳು. ಹೇಳಿಕೆ ಬರಕೋ ಎಂದಳು. ಅವನು ‘ಅರ್ಜಿದಾರನ ನಡತೆ ಸಮಾಧಾನಕರ’ ಎಂದು ಬರೆದು ಸಹಿಗೆ ಪುಸ್ತಕ ಮುಂದೆ ಹಿಡಿದ. ಅವಳು ಓದಿಸಿ ಕೇಳಿದಳು. ಕೇಳಿ, ಹೊಡೆದು ಹಾಕು ಎಂದಳು.

“ನಾ ಹೇಳಿದ್ದ ಬರಿಯಪ್ಪಾ. ಅಂವಾ ಕೈಯಾಗ ಬಂದ ಹಂದಿ ಬಿಟ್ಟಾನ, ಅದಕ್ಕ ನಾ ಇಲ್ಲಿ ನಿಂತೇನಿ. ವಾಡೇದ ಗೌಡಾನೂ ಅದಕ್ಕಽ ಚಾ ಕುಡ್ಯಾಕ ಹತ್ತ್ಯಾನ. ಅರಿವೀ ಕಟ್ಟಗೋ ಅಂದ್ರ ಕಟ್ಟಗೊಳ್ಳಲಿಲ್ಲ ಅಂವಾ. ಇದೂ ಬರಿ.”

ಕಾಂತೇಶ ಬರೆದ. ಕೊನೆಯ ಸಾಲು ಬರೆಯುವಾಗ ಅವನ ಪೆನ್ನು ಸ್ವಲ್ಪ ತಡೆಯಿತು, ಆದರೆ ಬರೆದ. ಗುರುಬಸವ್ವ ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದಳು. ಕಟ್ಟೆಯ ಸುತ್ತ ನಿಂತವರಲ್ಲಿ ಇಬ್ಬರು ಮುಂದೆ ಬಂದು ಅದರ ಕೆಳಗೆ ತಮ್ಮ ಸಹಿಯನ್ನೂ ಹಾಕಿದರು. ಹದಿನೆಂಟರಲ್ಲಿ ಮೂರು. ಉಳಿದ ಹದಿನೈದು ಜನ ಕೆಟ್ಟವರಲ್ಲ, ಹಬ್ಬಕ್ಕೆ ಹೋಳಿಗೆ ಕೊಡುವವರೇ, ಹೆಣಕ್ಕೆ ಹೆಗಲು ಕೊಡುವವರೇ. ಸಹಿ ಒಂದನ್ನು ಮಾತ್ರ ಅವರು ಕೊಡುವುದಿಲ್ಲ. ಈ ನಾಡಿನಲ್ಲಿ ಅನ್ಯಾಯ ಮಾಡುವವರನ್ನು ಬೆರಳಲ್ಲಿ ಎಣಿಸಬಹುದು. ಆ ಅನ್ಯಾಯವನ್ನು ಬೀಳದಂತೆ ಹಿಡಿದಿರುವುದು ಸರಿಯಾಗಿ ಕಾಣದ ಈ ಹದಿನೈದು ಜೊತೆ ಕಣ್ಣುಗಳು.

ಆದರೂ ಮೂರು ಸಾಕಾಯಿತು. ಬೆಳಗಾವಿಗೆ ಕರೆಸಿ ಕೇಳಿದಾಗ ಶಟ್ಟೆಪ್ಪ ಸೈನ್ಯದ ಪದಕ ಹಾಕಿಕೊಂಡು ಹೋಗಿದ್ದ. ಪೂನಮ್ ಕಾಗದಗಳ ಕಟ್ಟು ಹಿಡಿದು ಜೊತೆಗಿದ್ದಳು. ಈ ವಯಸ್ಸಿನಲ್ಲಿ ಬಂದೂಕು ಯಾಕೆ, ಕೊಟ್ಟು ಹಾಯಾಗಿರಬಾರದೆ ಎಂದು ಸಾಹೇಬರು ಒಳ್ಳೆಯ ಮಾತಿನಲ್ಲೇ ಕೇಳಿದರು. ವಾಡೆಯವರ ಎಂಬತ್ತರ ಹಿರಿಯರಿಗೂ ಈ ಪ್ರಶ್ನೆ ಕೇಳಿದ್ದಿರೇನು ಎಂದು ಶಟ್ಟೆಪ್ಪ ಅಷ್ಟೇ ಒಳ್ಳೆಯ ಮಾತಿನಲ್ಲಿ ಕೇಳಿದ. ಸಾಹೇಬರು ಕಾಗದ ತಿರುವಿ ಹಾಕಿ ಗುರುಬಸವ್ವನ ಹೇಳಿಕೆಯನ್ನು ಎರಡು ಸಲ ಓದಿದರು. ಸಂಕ್ರಾಂತಿ ಕಳೆದು ವಾರಕ್ಕೆ ಹೊಸ ಪುಸ್ತಕ ಬಂತು. ಐದು ವರ್ಷ.

ಮಹಾಂತಪ್ಪ ಈಗಲೂ ಕೇರಿಯ ಮುಂದೆ ಗಾಡಿಯ ಮೇಲೆ ಹಾದುಹೋಗುತ್ತಾನೆ. ಮುಖ ತಿರುಗಿಸುತ್ತಾನೆ. ತಿರುಗಿಸಲಿ, ಆ ಮುಖ ಇದೆಯಲ್ಲ ತಿರುಗಿಸಲು.

ಗೋವಿನಜೋಳ ಮುಗಿದು ಹಂದಿಗಳು ಕಬ್ಬಿಗೆ ಬಿದ್ದಿವೆ. ಮೊನ್ನೆ ಮೇಲಿನ ಓಣಿಯಿಂದ ನಾಲ್ವರು ಮತ್ತೆ ಬಂದರು, ಈ ಸಲ ಕಟ್ಟೆಯ ಮೇಲೆ ಕೂತರು. ಶಟ್ಟೆಪ್ಪ ಅವೇ ಮಾತು ಹೇಳಿದ. ಹೊಡೆಯುವವನು ತಾನು, ಎಬ್ಬಿಸುವವರು ಮಾಲಕರು, ಹಂದಿ ಮಣ್ಣಿಗೆ. ಒಂದೇ ಒಂದು ಹೊಸದು ಸೇರಿಸಿದ. ಕೆಂಪು ಅರಿವೆಗಳನ್ನು ಹೊಲಕ್ಕೆ ತಂದು ಕೊಡುವುದಿಲ್ಲ. ಕೇರಿಗೆ ಬಂದು, ಈ ಮನೆಯ ಮುಂದೆ ನಿಂತು, ಇಲ್ಲಿಯೇ ತಲೆಗೆ ಕಟ್ಟಿಕೊಂಡು ಹೋಗಬೇಕು.

ರಾಯವ್ವ ಅವನ್ನು ಗಂಟಿನಿಂದ ಬಿಚ್ಚಿ ಅಂಗಳದ ಹಗ್ಗಕ್ಕೆ ಹಾಕಿದ್ದಾಳೆ. ಹತ್ತೊಂಬತ್ತು. ಹದಿನೆಂಟು ಬಿಸಿಲಿಗೆ, ಬೆವರಿಗೆ ಮಾಸಿವೆ. ಒಂದು ಹಾಗೆಯೇ ಇದೆ, ಎರಡು ಮಡಿಕೆಯ ಗೆರೆ ಕೂಡ ಹೋಗಿಲ್ಲ. ಅದನ್ನು ಒಲೆಯ ಮುಂದೆ ಬಿಸಿ ಪಾತ್ರೆ ಹಿಡಿಯಲು ತಗೊಳ್ಳಲೇ ಎಂದು ಅವಳು ಕೇಳಿದಳು. ಬೇಡ, ಅದು ಬೇರೆಯವರದು, ಇರಲಿ ಎಂದ ಶಟ್ಟೆಪ್ಪ. ಮೊಣಕಾಲ ಮೇಲೆ ಬಂದೂಕು ತೆರೆದುಕೊಂಡು ಎಡ ನಳಿಗೆಯೊಳಗಿಂದ ಆಕಾಶ ನೋಡುತ್ತಿದ್ದ.

“ಇಪ್ಪತ್ತೊಂಬತ್ತ ವರ್ಷ ಆದೂವು,” ಎಂದಳು ರಾಯವ್ವ. “ಇನ್ನೂ ಒಂದ ಇಲಿ ಹೊಡದಿಲ್ಲ ನನ್ನ ಸವತಿ.”

ಎಣ್ಣೆಯ ಅರಿವೆ ಪಕ್ಕದಲ್ಲೇ ಇತ್ತು. ಶಟ್ಟೆಪ್ಪ ಈ ಸಲ ಹುಡುಕಲು ಏಳಲಿಲ್ಲ.